ಮೂರನೆಯ ಮಗನ ಪಾಲು

ವರ್ಷಕ್ಕೊಮ್ಮೆ, ಗಣಪತಿ ಕಳೆದ ಮೇಲೆ,
ಖಡಕಿಯ ಗೋರಾ ಕಬ್ರಸ್ತಾನಕ್ಕೆ ಕಾಗದ ಬರುತ್ತಿತ್ತು.
ದಪ್ಪ ಕಾಗದ. ತಲೆಯ ಮೇಲೆ ಉಬ್ಬು ಮುದ್ರೆ:
ಎರಡು ಬೇಟೆನಾಯಿ, ನಡುವೆ ಗೋಧಿಯ ಸಿವುಡು.
ಓದು ಬಾರದ ಅಪ್ಪ ಅದನ್ನು ಸವರುತ್ತಿದ್ದ;
ಹೆಬ್ಬೆರಳಿಗೆ ನಾಯಿಗಳು ಸಿಕ್ಕವೋ,
‘ಸಾಹೇಬರ ಮನೀದು’ ಎಂದು ನನ್ನ ಕೈಗಿಡುತ್ತಿದ್ದ.

ಏಳನೆಯ ಇಯತ್ತೆ ನಾನು.
ಮಿಷನ್ ಶಾಲೆಯ ಇಂಗ್ಲಿಷಿನಲ್ಲಿ ಎಡವುತ್ತ ಓದುತ್ತಿದ್ದೆ:
ಪೆಲ್‌ಹರ್ಸ್ಟ್ ಮನೆತನದ ಆಂಬ್ರೋಸನ ಗೋರಿ ಕ್ಷೇಮವೇ?
ಶಿಲುಬೆ ನೆಟ್ಟಗಿದೆಯೇ?
ಹುಲ್ಲು ತೆಗೆಸಿ ಒಂದು ಫೋಟೋ ಕಳಿಸಬಹುದೇ?
ಜೊತೆಗೊಂದು ಡ್ರಾಫ್ಟು, ಐದು ಪೌಂಡಿನದು.

ಒಮ್ಮೆ ಅವರ ಮನೆಯ ಚಿತ್ರವೂ ಬಂತು.
ಕಿಟಕಿ ಎಣಿಸುತ್ತ ನಲವತ್ತೊಂದಕ್ಕೆ ತಪ್ಪಿ
ಮತ್ತೆ ಒಂದರಿಂದ ಶುರುಮಾಡಿದೆ.
ಜಿಂಕೆಗಳಿಗೆಂದೇ ಒಂದು ಕಾಡು, ಕೆರೆ,
ಕೆರೆಯ ದಂಡೆಗೆ
ಯಾವ ದೇವರೂ ಇಲ್ಲದ ಒಂದು ಗುಡಿ.

‘ಇಷ್ಟೆಲ್ಲ ಇದ್ದು ಈ ಹುಡುಗ ಯಾಕ ಇಲ್ಲಿಗೆ ಬಂದ?’
ಅಪ್ಪ ಕೇಳಿದ್ದನ್ನು ಹಾಗೇ ಬರೆದು ಕಳಿಸಿದೆ.
ಮರುವರ್ಷ ಉತ್ತರ. ಲೇಡಿ ವಿನಿಫ್ರೆಡಳ ನಡುಗುವ ಕೈಬರಹ:
ನಮ್ಮಲ್ಲಿ ಹಿರಿಯನಿಗೆ ಭೂಮಿ,
ಎರಡನೆಯವನಿಗೆ ಇಗರ್ಜಿ,
ಮೂರನೆಯವನಿಗೆ ಹಡಗು.

ಬೀಡಿ ಆರುವ ತನಕ ಅಪ್ಪ ಮಾತಾಡಲಿಲ್ಲ.
ಅಕ್ಕಲಕೋಟೆಯ ನಮ್ಮಜ್ಜ ನ್ಯಾಯವಂತ,
ಐವರಿಗೂ ಸಮಪಾಲು, ಬದುವಿಗೆ ಬದು.
ಪಟ್ಟಿ ಎಷ್ಟು ಸಣ್ಣದಾಯಿತೆಂದರೆ
ಎತ್ತು ಹೊರಳಲು ಅಣ್ಣನ ಹೊಲಕ್ಕೆ ಕಾಲಿಡಬೇಕು,
ಕಾಲಿಟ್ಟರೆ ಕೋರ್ಟು.
‘ಅವ್ರು ಹಂಚಲಿಲ್ಲ, ಇವ ಇಲ್ಲಿಗೆ ಬಂದ.
ನಾವು ಹಂಚಿದ್ವಿ, ನಾನೂ ಇಲ್ಲಿಗೇ ಬಂದೆ’
ಎಂದು ನಕ್ಕು ಗುದ್ದಲಿ ಎತ್ತಿಕೊಂಡ.

ಹತ್ತೊಂಬತ್ತಕ್ಕೇ ಕಾಲರಾ ಬಂದು ಸತ್ತ ಆಂಬ್ರೋಸ್.
ಕಲ್ಲಿನ ಮೇಲೆ ಊರಿದೆ, ರೆಜಿಮೆಂಟಿದೆ, ಅಪ್ಪನ ಬಿರುದಿದೆ;
ತಾಯಿಯ ಹೆಸರಿಲ್ಲ.
ಆರೂವರೆ ಅಡಿ ಉದ್ದ, ಎರಡೂವರೆ ಅಗಲ.
‘ಮಲಗಿಸಿ ಹೂಳ್ತಾರ, ಜಾಗ ಭಾಳ ಬೇಕು.
ನಮ್ಮವರು ಕುಂತೇ ಹೋಗ್ತಾರ,
ಎಡಗೈಯಾಗ ಲಿಂಗ ಹಿಡಕೊಂಡು.’

ಆಮೇಲೆ ಕಾಗದ ತೆಳ್ಳಗಾಗುತ್ತ ಬಂತು.
ಒಂದು ವರ್ಷ ಜಿಂಕೆಯ ಕಾಡು ಮಾರಿದರೆಂದು,
ಇನ್ನೊಂದು ವರ್ಷ ಪಟಗಳು ಹರಾಜಾದವೆಂದು,
ಸೂರು ಸೋರುತ್ತದೆ, ಪಡುವಣ ಕೋಣೆಗಳಿಗೆ ಬೀಗ,
ಅಡುಗೆಮನೆಯ ಪಕ್ಕ ಮಲಗುತ್ತೇನೆ, ಅಲ್ಲಿ ಬೆಚ್ಚಗೆ.
ಇದನ್ನೆಲ್ಲ ಖಡಕಿಯ ಮಾಲಿಗೆ ಯಾಕೆ ಬರೆಯುತ್ತಿದ್ದಳೋ!
ಅಂಥ ಮಾತಿಗೆ ದೂರದವರೇ ಬೇಕೇನೋ.
ಡ್ರಾಫ್ಟು ಮಾತ್ರ ಐದೇ ಪೌಂಡು, ತಪ್ಪದೆ.

ಕೊನೆಯದಕ್ಕೆ ಮುದ್ರೆಯೇ ಇರಲಿಲ್ಲ.
ಅಪ್ಪ ಸವರಿದ, ತಿರುಗಿಸಿ ಸವರಿದ,
‘ನಾಯಿ ಎಲ್ಲಿ ಹೋದ್ವು?’
ಮನೆ ಹೋಯಿತಂತೆ. ಹೋಟೆಲು ಮಾಡುವರಂತೆ.
ಕೆಳಗೆ, ಶಾಯಿ ಹರಡಿದ ಒಂದು ಸಾಲು:
ಈಗ ನಮ್ಮದೆನ್ನುವ ನೆಲ ನಿಮ್ಮಲ್ಲಿರುವಷ್ಟೇ.

ಓದಿ ಹೇಳಿದೆ. ಅಪ್ಪನಿಗೆ ಸಿಟ್ಟು ಬಂತು.
‘ಅವರದ್ಹೆಂಗ? ಅದು ಆ ಹುಡುಗಂದು.’

ಆದರೂ ಹುಲ್ಲು ಕೆತ್ತಿದ, ಸುಣ್ಣ ಬಳಿದ.
ಬಜಾರಿನ ಫೋಟೋದವನನ್ನು ಕರೆತಂದೆ.
ಯಾವತ್ತೂ ಪಕ್ಕಕ್ಕೆ ಸರಿಯುವವನು ಅಂದು ಸರಿಯಲಿಲ್ಲ,
ಶಿಲುಬೆಯ ಪಕ್ಕ ನಿಂತ, ಚಪ್ಪಲಿ ಬಿಟ್ಟು.

ಕಳಿಸಲು ವಿಳಾಸವಿರಲಿಲ್ಲ.
ಟ್ರಂಕಿನಲ್ಲಿದೆ ಅದಿನ್ನೂ, ಅಕ್ಕಲಕೋಟೆಯ
ಸಾತ್‌ಬಾರಾ ಉತಾರದ ಕೆಳಗೆ.
ಉತಾರದಲ್ಲಿ ಐವರ ಹೆಸರು; ಅಪ್ಪನದನ್ನು ತಲಾಠಿ
ಶಿದ್ರಾಮ ಎನ್ನುವಲ್ಲಿ ಸೀತಾರಾಮ ಎಂದು ಬರೆದಿದ್ದಾನೆ.