ಒಂದು ಬೆರಳು ಹೆಚ್ಚು

ಪುಸ್ತಕ ತರಲಿಲ್ಲ ಸಫೂರಾಬಿ.
ತಂದದ್ದು ದಾರ,
ಭಟ್ಕಳದಿಂದ ಸಿರ್ಸಿಗೆ, ಎರಡು ಬಸ್ಸು ಬದಲಿಸಿ,
ಸೆರಗಿನ ತುದಿಗೆ ಗಂಟು ಹಾಕಿಕೊಂಡು.
ಬಿಳಿ ದಾರ, ಮೂರು ಗಂಟು:
ಇದು ಉದ್ದ, ಇದು ಅಗಲ, ಇದು ದಪ್ಪ.
"ಒಳಗೆ ಕೂತರೆ ಅಲುಗಬಾರದು,
ಒತ್ತಲೂಬಾರದು ಮಾರಾಯ್ರೆ."

ಅಪ್ಪ ದಾರವನ್ನು ಶಿವನೆ ಹಲಗೆಯ ಮೇಲಿಟ್ಟು
ಬಹಳ ಹೊತ್ತು ಸುಮ್ಮನಿದ್ದ.
ಅವನ ಲೆಕ್ಕವೆಲ್ಲ ತಾಳದಲ್ಲಿ,
ಮುಖ ಒಂದು ತಾಳ, ಎದೆಯಿಂದ ಹೊಕ್ಕುಳಿಗೆ ಒಂದು.
ಹೊಕ್ಕುಳೇ ಇಲ್ಲದ್ದನ್ನು ಎಲ್ಲಿಂದ ಶುರು ಮಾಡುವುದು?

"ಬಳ್ಳಿ ಇರಲಿ, ಹೂವಿರಲಿ,
ಕಣ್ಣಿರುವುದೇನೂ ಬೇಡ" ಅಂದಿದ್ದರು ಅವರು.
ಕಣ್ಣು ತೆರೆಸುವುದೇ ನಮ್ಮಲ್ಲಿ ಕೊನೆಯ ಕೆಲಸ,
ಅದಾದ ಮೇಲೇ ಉಳಿಗೆ ಎಣ್ಣೆ, ಕೈಗೆ ಕೂಲಿ.
ಹಾಗಾದರೆ ಇದು ಮುಗಿಯಿತು ಅಂತ
ಗೊತ್ತಾಗುವುದು ಹೇಗೆ, ಕೇಳಿದೆ. ಹನ್ನೊಂದು ವರ್ಷ ನನಗೆ.
ಅಪ್ಪ ಬೀಡಿ ಹುಡುಕಿದ.

ಬಳ್ಳಿ ಬಂತು. ಎಲೆ ಬಂತು.
ಎಲೆಯ ಬೆನ್ನಿಗೇ, ಯಾರೂ ಕರೆಯದೆ, ಗಿಳಿಯೊಂದು ಬಂತು.
ಮೂರು ತಲೆಮಾರಿನ ಚಾಳಿ,
ಉಳಿಯನ್ನು ಬೈದು ಏನು ಪ್ರಯೋಜನ?
ಸಂಜೆ ಅಪ್ಪ ರೆಕ್ಕೆ ಸವರಿ ಎಲೆ ಮಾಡಿದ,
ಬಾಲ ಎಳೆದು ತೊಟ್ಟು ಮಾಡಿದ.
ಕೊಕ್ಕು ಮಾತ್ರ ಮರದ ಗಂಟಿನ ಮೇಲೆ ಕೂತಿತ್ತು,
ಎಷ್ಟು ಸವರಿದರೂ ಚೂರು ಉಳಿಯಿತು.
ಗರಗತ್ತಿ ಎಲೆಯಿಂದ ತಿಕ್ಕುವುದು ನನ್ನ ಪಾಲು,
ಬೆರಳ ತುದಿ ಉರಿಯುವವರೆಗೆ ತಿಕ್ಕಿದೆ.
ಈಗಲೂ ಕಣ್ಮುಚ್ಚಿ ಹೇಳಬಲ್ಲೆ:
ಮುಚ್ಚಳದ ಬಲ ಅಂಚು, ಮೇಲಿಂದ ಐದನೇ ಎಲೆ.

ಪೆಟ್ಟಿಗೆ ಕೊಡಲು ಹೋದ ಅಪ್ಪ ರಾತ್ರಿ ಬಂದ,
ಊಟಕ್ಕೆ ಕೂರಲಿಲ್ಲ.
"ಅಗಲದಲ್ಲಿ ಒಂದು ಬೆರಳು ಹೆಚ್ಚಾಯ್ತು. ಪುಸ್ತಕ ಅಲುಗ್ತದೆ.
ಅವರು ಏನೂ ಅನ್ನಲಿಲ್ಲ. ಪೂರ್ತಿ ದುಡ್ಡು ಕೊಟ್ರು."
ಚಿಮಣಿ ಬೆಳಕಿಗೆ ದಾರ ಹಿಡಿದು ಮತ್ತೆ ಅಳೆದ,
ಬರೆದಿಟ್ಟ ಲೆಕ್ಕಕ್ಕೆ ದಾರ ಸರಿಯಾಗಿತ್ತು.
ಮತ್ತೆ ಅಳೆದ.
ನಡುವಿನ ಗಂಟನ್ನು ಆಟಕ್ಕೆ ಬಿಚ್ಚಿ
ಅಂದಾಜಿಗೆ ಕಟ್ಟಿದ್ದು ನಾನು.
ಹೇಳಲಿಲ್ಲ.
ಆಮೇಲೆ ಅವನು ಯಾರ ದಾರವನ್ನೂ ನಂಬಲಿಲ್ಲ,
ತನ್ನ ಕೈಯನ್ನೂ ಅಷ್ಟಾಗಿ ನಂಬಲಿಲ್ಲ.

ಮೊನ್ನೆ ಫೋನು: ಮುಚ್ಚಳದ ಕೀಲು ಸಡಿಲಾಗಿದೆ.
ಅಪ್ಪ ಇಲ್ಲ. ಉಳಿಗಳು ನನ್ನ ಚೀಲದಲ್ಲಿ.
ಘಟ್ಟ ಇಳಿದು, ಹೊನ್ನಾವರ ದಾಟಿ,
ಹುರಿದ ಮೀನಿನ ವಾಸನೆಯ ಓಣಿಯಲ್ಲಿ
ಕೇಳಿ ಕೇಳಿ ಮನೆ ಹುಡುಕಿದೆ.
ಸಫೂರಾಬಿ ಗೋಡೆ ಹಿಡಿದು ಬಂದರು,
ತೊಳೆದ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.
ಮುಚ್ಚಳ ಎತ್ತಿ
ಮೊದಲು ತೆಗೆದದ್ದು ಪುಸ್ತಕವಲ್ಲ,
ಅದರ ಮಗ್ಗುಲಿಗೆ ಮಲಗಿದ್ದ ಕನ್ನಡಕ.
ಮುರಿದ ಕಡ್ಡಿಗೆ ಬಿಳಿ ದಾರ ಸುತ್ತಿತ್ತು.

"ನಿನ್ನ ಅಪ್ಪನಿಗೆ ಆಗಲೇ ಗೊತ್ತಿತ್ತು ಕಾಣ್ತದೆ,
ನನ್ನ ಕಣ್ಣು ಹೋಗ್ತದೆ ಅಂತ.
ಸರೀ ಇಷ್ಟೇ ಜಾಗ ಬಿಟ್ಟಿದ್ದಾರೆ ನೋಡು."

ಕೀಲು ನೋಡುವ ನೆಪದಲ್ಲಿ ತಲೆ ತಗ್ಗಿಸಿದೆ.
ಬಲ ಅಂಚು, ಐದನೇ ಎಲೆ.
ಕೊಕ್ಕು ಇರಲಿಲ್ಲ.
ದಿನಾ ಮುಚ್ಚಳ ಎತ್ತುವ ಹೆಬ್ಬೆರಳು
ಅಲ್ಲೊಂದು ತಗ್ಗು ಮಾಡಿತ್ತು, ಎಣ್ಣೆ ಹಚ್ಚಿದಂತೆ ಹೊಳೆಯುವ ತಗ್ಗು.

ಕೂಲಿ ಎಷ್ಟು ಅಂದರು.
ಗಂಟಿನ ಮಾತು ನಾಲಿಗೆಯವರೆಗೆ ಬಂದಿತ್ತು,
ಅಷ್ಟರಲ್ಲಿ ಅವರು ಕನ್ನಡಕ ಹಾಕಿ
ಪುಟ ತೆರೆದಾಗಿತ್ತು.