ಒಂದು ಗೇಣು ಹೊರಗ

ಉದ್ಯಮಬಾಗದ ನನ್ನ ಶೆಡ್ಡಿಗೆ
ತಿಗಡಿ ಸಿಸ್ಟರ್ ಒಂದು ಆಂಬುಲೆನ್ಸ್ ಹೊಡಕೊಂಡು ಬಂದರು,
ಹರಾಜಿನ ಮಾಲು. ಸೈರನ್ ಕಿತ್ತ ಜಾಗದಾಗ
ನಾಕು ತೂತು, ಒಂದು ತೂತಿನಾಗ ಕಣಜದ ಹುಳದ ಮಣ್ಣಗೂಡು.

"ಮನಿ ಮಾಡಿಕೊಡು ದಸ್ತಗೀರ," ಅಂದರು,
"ಒಂದು ಮಂಚ, ಒಂದು ಒಲಿ, ಒಂದು ಫ್ಯಾನು.
ಮೂವತ್ತೆಂಟು ವರ್ಷ ಇಂಥಾ ಗಾಡಿಯ ಹಿಂದ ಕುಂತೀನಿ,
ಮಂದಿ ಕೈ ಹಿಡಕೊಂಡು.
ಇನ್ನ ಮುಂದಿನ ಸೀಟು ನಂದು."

ಮಂಚ ಆತು. ಒಲಿ ಆತು.
ಕಡೀಕ ಉಳದಿದ್ದು ಜನರೇಟರು:
ಎರಡು ಕೆವಿಎ, ಪೆಟ್ರೋಲಿಂದು,
ತೂಕ ಒಂದು ಹೋರಿಗರದಷ್ಟು.
"ಮಂಚದ ಕೆಳಗ ಜಾಗ ಖಾಲಿ ಐತಿ ಉಸ್ತಾದ,"
ನನ್ನ ಹುಡುಗ ಮಾರುತಿ ಅಂದ.

ನಾ ಪಾನಾ ಕೆಳಗಿಟ್ಟೆ.

ಇದೂ ನಮ್ಮಂಗ ಉಸಿರಾಡತೈತೋ ಹುಚ್ಚಾ,
ಎಳಕೊಳ್ಳೂದು ನಮ್ಮ ಗಾಳೀನ,
ಬಿಡೂದು ಮಾತ್ರ ನಮ್ಮದಲ್ಲ.
ಬರೇ ಹೊಗಿಯಾದರ ಕಣ್ಣ ಉರಿಸಿ, ಕೆಮ್ಮಿಸಿ ಎಬ್ಬಸತೈತಿ.
ಹೊಗಿಯೊಳಗಿನ ವಿಷಕ್ಕ ಬಣ್ಣಿಲ್ಲ, ನಾತಿಲ್ಲ,
ಕದ ಬಡಿಯಂಗಿಲ್ಲ, ಹೆಸರು ಹೇಳಂಗಿಲ್ಲ.
ತಲಿ ನೋಯ್ತೈತಿ,
ಒಂದೀಟು ಅಡ್ಡಾಗೂಣು ಅನಸತೈತಿ.
ಅಡ್ಡಾದಿ ಅಂದ್ರ ಅದು ಗೆದ್ದಂಗ.

ಬ್ಯಾಟರಿಯ ಮೈನಸ್ ವಾಯರ್ ಮೊದಲ ಬಿಚ್ಚಿ
ಕೆಲಸ ಹಿಡದ್ವಿ.
ಗಾಡಿಯ ಹಿಂಬದಿಗೆ ಉಕ್ಕಿನ ಗೂಡು,
ಬಾಗಲಾ ಹೊರಗಿನಿಂದ ಅಷ್ಟ.
ಮಾರುತಿ ಒಳಗ ಕತ್ತಲಾಗ ಕುಂತ,
ನಾ ಗೂಡಿನ್ಯಾಗ ಟಾರ್ಚ್ ಹಿಡದೆ,
"ಇಲ್ಲಿ ಒಂದು ಚುಕ್ಕಿ, ಇಲ್ಲೊಂದು," ಅಂದಲ್ಲೆಲ್ಲಾ ಸೀಲೆಂಟು ತುಂಬಿದೆ,
ಚುಕ್ಕಿ ಒಂದೂ ಉಳೀದಂಗ.
ತಳಕ್ಕ ಗಾಳಿಯಾಡೂ ಜಾಳಗಿ, ಕಾಲಿಗೆ ರಬ್ಬರು.
ಪೆಟ್ರೋಲ್ ಪೈಪು ಈ ಕಡೆ, ಸುಡೂ ಪೈಪು ಆ ಕಡೆ,
ಜಗಳಾಡಿದ ಬೀಗರನ್ನ ಪಂಕ್ತಿಗೆ ಕೂಡ್ರಿಸಿದಂಗ.
ಕರೆಂಟಿಗೆ ಚೇಂಜೋವರು:
ಊರ ಲೈನಾದರ ಊರ ಲೈನು, ಇದಾದರ ಇದು,
ಎರಡೂ ಒಂದ ಹೊತ್ತಿಗೆ ಎದರಾಬದರ ಆಗಬಾರದು.

ಸೈಲೆನ್ಸರಿನ ನಳಿಗಿ ಮಾತ್ರ
ಬಾಡಿಯ ಅಂಚಿಗೆ ಸಮಾ ಕೊಯ್ದೆ, ಚಂದ ಕಾಣಲಿ ಅಂತ.

ಸಂಜಿಗೆ ಸಿಸ್ಟರ್ ಬಂದರು.
ಸೊಂಟ ಹಿಡಕೊಂಡು ಬಾಗಿ ನಳಿಗಿ ನೋಡಿದರು,
ನಳಿಗಿ ಮ್ಯಾಲಿನ ಕಿಟಕಿ ನೋಡಿದರು,
ಚಾದ ಕಪ್ಪು ಬಾನೆಟ್ಟಿನ ಮ್ಯಾಲಿಟ್ಟರು.

"ಹಿಡಕಲ್ ಕಡೆ ಒಂದು ಹಳ್ಳಿ. ಬಾಣಂತಿ ಖೋಲಿ.
ಪುಷ್ಯದ ಥಂಡಿ. ಕಿವಿಗೆ ಅರಿವಿ, ಕಿಟಕಿಗೆ ಗೋಣಿ,
ಮಂಚದ ಕೆಳಗ ಇದ್ದಲಿ ಶೆಗಡಿ.
ಕೂಸು ಒಂಬತ್ತು ದಿನದ್ದು,
ತೂಕ ನೋಡಾಕ ಹೋಗಿದ್ದೆ ಬೆಳಿಗ್ಗೆ.
ಇಬ್ಬರ ಗಲ್ಲಾನೂ ಕೆಂಪಗ, ಮೈ ತುಂಬಿ ಬಂದಂಗ.
ಮುದುಕಿ ಅಂದಳು: ನೋಡ್ರಿ ಬಾಯಾರ,
ಎಷ್ಟು ಚಂದ ನಿದ್ದಿ ಹತ್ತೇತಿ."

ಆಮ್ಯಾಲ? ಮಾರುತಿ ಕೇಳಿದ.

"ಒಬ್ಬಾಕಿ ಎದ್ದಳು."
ಅಷ್ಟ ಅಂದು ಚಾ ತಗೊಂಡರು. ಅದು ಆರಿತ್ತು.

ಕೊಯ್ದ ತುಣುಕು ಗುಜರಿಯಾಗಿಂದ ಹುಡಿಕಿ
ಮತ್ತ ಬೆಸದೆ.
ಬಾಡಿಯಿಂದ ಒಂದು ಗೇಣು ಹೊರಗ,
ಕಿಟಕಿಗೆ ಬೆನ್ನು ಮಾಡಿ.
ಚಂದ ಕಾಣಲಿಲ್ಲ, ತುಟಿಯಾಗಿನ ಬೀಡಿ ಹಾಂಗ ಚಾಚಿತ್ತು.
ತಲಿದಿಂಬಿನ ಕಡೆ ಗ್ವಾಡಿಗೆ ವಿಷಗಾಳಿಯ ಅಲಾರಾಮು ಹಚ್ಚಿದೆ,
ಸಾಬೂನ ಪೆಟ್ಟಿಗಿಯಷ್ಟು. ಅದನ್ನ ಬಿಲ್ಲಿನ್ಯಾಗ ಹಿಡೀಲಿಲ್ಲ.
"ಮಲಗೂ ಮುಂದ ಬಂದ್ ಮಾಡ್ರಿ, ಏನ ಸೆಕಿ ಇರಲಿ," ಅಂದೆ.
ಯಾರಿಗೆ ಹೇಳಾಕತ್ತೀನಿ ಅಂತ ಆಮ್ಯಾಲ ನೆನಪಾತು.

ರಾತ್ರಿ ಗಾಡಿ ಬಯಲಿಗೆ ತಂದು
ಜನರೇಟರ್ ಚಾಲೂ ಮಾಡಿದ್ವಿ.
ಕಿಟಕಿ ಹಾಕಿದ್ದು, ಫ್ಯಾನು ತಿರಗತಿತ್ತು,
ಮಂಚದ ಮ್ಯಾಲ ಯಾರೂ ಇಲ್ಲ.
ಹೊರಗ ಕಟ್ಟಿ ಮ್ಯಾಲ ಮೂರು ಮಂದಿ ಕುಂತು
ಕಿವಿಗೊಟ್ಟು ಕೇಳತಿದ್ವಿ
ಯಾವುದು ಕೇಳಬಾರದೋ ಅದನ್ನ.

ಎರಡು ತಾಸು.
ಸಿಸ್ಟರ್ ಕೈಗಡಿಯಾರ ನೋಡಿಕೋತ
ತುಟಿ ಅಲಗಸತಿದ್ದರು,
ಒಳಗ ಯಾರದೋ ನಾಡಿ ಎಣಸಿದಂಗ.