ಒಂದೂವರೆ ಕೈಗವಸು

ಲಿಯೆಪಾಯಾ ಬಂದರಿನಲ್ಲಿ ಮೂರನೇ ಗೋದಾಮಿನ ಮಹಡಿ,
ಹಡಗೇರುವ ದಿಮ್ಮಿಗಳ ಲೆಕ್ಕ ಬರೆಯುವ ಕಚೇರಿ.
ಅಲ್ಲಿ ನಾವು ಮೂವರು, ಒಂದು ಹೀಟರು,
ಮತ್ತೆ ನಮಗಿಂತ ಮೊದಲೇ ಕೆಲಸಕ್ಕೆ ಸೇರಿದ ಕಂಪ್ಯೂಟರುಗಳು.

ಗುಂಡಿ ಒತ್ತಿದರೆ ಮೊದಲು ಕೆಮ್ಮುತ್ತವೆ,
ಆಮೇಲೆ ಯೋಚಿಸುತ್ತವೆ,
ಆಮೇಲೆ ಏನು ಯೋಚಿಸುತ್ತಿದ್ದೆವೆಂದು ಯೋಚಿಸುತ್ತವೆ.
ಪರದೆಯ ನಡುವೆ ಒಂದು ಪುಟ್ಟ ಬಳೆ
ಸುತ್ತುತ್ತದೆ, ಸುತ್ತುತ್ತದೆ,
ತೊಡುವ ಕೈಯೇ ಇಲ್ಲದ ಬಳೆ.

ಅರ್ಜಿ ಬರೆದೆವು. ನಾನೊಬ್ಬನೇ ಏಳು.
ಕೊನೆಯದರಲ್ಲಿ ಶೇಕಡಾ, ನಕ್ಷೆ, ಬಣ್ಣದ ಕಂಬಗಳು
(ಆ ಕಂಬ ನಿಲ್ಲಿಸಲು ಅದೇ ಯಂತ್ರಕ್ಕೆ ಎರಡು ದಿನ ಹಿಡಿಯಿತು).
ಆರ್ವೀಡ್ಸ್ ಸಾಹೇಬರು ಓದಿ, ಕನ್ನಡಕ ಒರೆಸಿ,
"ನಡೀತಾ ಇದೆಯಲ್ಲ?" ಅಂದರು.
ನಡೆಯುತ್ತಿತ್ತು. ಅದೇ ನಮ್ಮ ಗ್ರಹಚಾರ.

ಸ್ಕೈದ್ರೀತೆ ಅರ್ಜಿ ಬರೆಯಲಿಲ್ಲ.
ಅಕ್ಟೋಬರಿನ ಒಂದು ಸೋಮವಾರ
ಚೀಲದಿಂದ ಐದು ಕಡ್ಡಿ ತೆಗೆದಳು,
ಎರಡು ಉಂಡೆ ಉಣ್ಣೆ: ಬೂದು, ಕೆಂಪು.
ಬಳೆ ಸುತ್ತುವಾಗ ಮಾತ್ರ ಹೆಣೆಯುವಳು,
ಅದು ನಿಂತೊಡನೆ ಕೆಳಗಿಡುವಳು,
ಕುಣಿಕೆ ಅರ್ಧಕ್ಕೇ ಇದ್ದರೂ.
ಯಂತ್ರ ಸತ್ತು ಮತ್ತೆ ಹುಟ್ಟಬೇಕಾದಾಗ ಕೆಂಪು ದಾರ.

ನವೆಂಬರಿಗೆ ಮಣಿಕಟ್ಟು.
ಕ್ರಿಸ್‌ಮಸ್ಸಿಗೆ ಅಂಗೈ, ಬೆನ್ನ ಮೇಲೆ ಎಂಟು ಮೂಲೆಯ ಚುಕ್ಕಿ.
ಜನವರಿಯಲ್ಲಿ ಒಂದು ಹಡಗು
ಒಂದೇ ಒಂದು ಹಾಳೆ ಅಚ್ಚಾಗಲೆಂದು
ಮಂಜಿನಲ್ಲಿ ಕತ್ತಲಾಗುವ ತನಕ ಕಾದು ನಿಂತಿತು.
ಆ ದಿನದ್ದು ಎರಡು ಬೆರಳಗಲದ ಕೆಂಪು ಪಟ್ಟಿ.

ಬಜೆಟ್ಟಿನ ಸಭೆಯಲ್ಲಿ ಅವಳು
ಅದನ್ನು ಮೇಜಿನ ಮೇಲಿಟ್ಟು ಕೂತಳು.
"ಏನಿದು?"
"ಕಂಪನಿಯದ್ದು. ಸಂಬಳ ಕೊಟ್ಟು ನೀವೇ ಮಾಡಿಸಿದ್ದು."

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ಸಾಹೇಬರ ಅಂಗೈಗೆ ಗವಸು ಬೇಕಾಯಿತು.
ತೊಟ್ಟು ನೋಡಿದರು. ಅಳತೆಗೆ ಸರಿಯಾಗಿ ಕೂತಿತು.
"ನನ್ನ ಕೈ ಅಳತೆ ನಿಮಗೆ ಹೇಗೆ ಗೊತ್ತು?"
"ಸಹಿ ಹಾಕದೆ ಇರುವಾಗ ನೋಡಿದ್ದೆ."
"ಇನ್ನೊಂದೆಲ್ಲಿ?"
"ಶುರು ಮಾಡಿದೀನಿ. ಮಾರ್ಚಿನ ತೆರಿಗೆ ಪಟ್ಟಿ ತೆರೆಯೋದರೊಳಗೆ ಮುಗಿಯುತ್ತೆ."

ಯಾರೋ ನಕ್ಕರು. ಅವರು ನಗಲಿಲ್ಲ.
ಎಡಗೈ ಹೆಬ್ಬೆರಳಿಂದ ಆ ಕೆಂಪು ಪಟ್ಟಿಯ ಅಗಲ ಅಳೆಯುತ್ತಿದ್ದರು.
ಹಡಗಿನವರಿಗೆ ದಂಡ ಕಟ್ಟಿದ್ದು ಅವರೇ.
ಲೇಖನಿ ಹಿಡಿಯಲು ಗವಸು ಕಳಚಬೇಕಾಯಿತು,
ಅಷ್ಟೇ ತಡ.

ಏಪ್ರಿಲಿನಲ್ಲಿ ಮೂರು ಪೆಟ್ಟಿಗೆ ಬಂದವು.
ಈಗ ಒತ್ತಿದ ಬೆರಳು ಮೇಲೇಳುವ ಮೊದಲೇ ಬೆಳಕು.
ಮೊದಮೊದಲು ಕೈಗಳಿಗೇ ಗಾಬರಿ,
ಕಾಯುವುದೊಂದೇ ಗೊತ್ತಿದ್ದ ಕೈಗಳು.

ಎಡಗೈಯದು ಅವಳ ಡ್ರಾಯರಿನಲ್ಲಿದೆ,
ಹೆಬ್ಬೆರಳಿನ ಜಾಗದಲ್ಲಿ ಬರೀ ತೂತು.
ಸಮುದ್ರದ ಗಾಳಿ ಇನ್ನೂ ಕೊರೆಯುತ್ತದೆ.
ಸಾಹೇಬರು ಬಲಗೈಗೆ ಗವಸು ತೊಟ್ಟು, ಎಡಗೈ ಜೇಬಿಗಿಳಿಸಿ
ದಿನಾ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ಇಣುಕುತ್ತಾರೆ:
"ಯಂತ್ರ ಹೇಗಿದೆ? ಎಲ್ಲೂ ನಿಲ್ಲುತ್ತಿಲ್ಲ ತಾನೆ?"
"ಇಲ್ಲ," ಅನ್ನುತ್ತಾಳೆ, "ಚೆನ್ನಾಗಿ ಓಡ್ತಾ ಇದೆ."

ಒಂದು ಗಳಿಗೆ ನಿಲ್ಲುತ್ತಾರೆ.
ಡ್ರಾಯರಿನ ಕಡೆ ನೋಡಿ
ಹೋಗುತ್ತಾರೆ.